ವಿದ್ಯಾರ್ಥಿ ಕೃಷಿ ಸಂಘಗಳು

ಶಾಲೆಯ ಕೃಷಿ ಪಾಠದ ಅಂಗವಾಗಿ, ವಿದ್ಯಾರ್ಥಿಗಳೇ ಪದಾಧಿಕಾರಿಗಳಾಗಿ ನಡೆಸುವ ಸಂಘಗಳು. ಬೇಸಾಯ, ಪಶುಪಾಲನೆ, ತೋಟಗಾರಿಕೆಯನ್ನು ಕೈಯಾರೆ ಮಾಡಿ ಕಲಿಯುವುದು, ಅದರ ಜಮಾಖರ್ಚು ಬರೆದಿಡುವುದು, ಸಭೆ ನಡೆಸುವುದು, ಹತ್ತು ಜನರೆದುರು ನಿಂತು ಮಾತನಾಡುವುದು ಇವೆಲ್ಲ ಒಂದೇ ಕಡೆ ಸೇರಿರುವುದು ಇವುಗಳ ಲಕ್ಷಣ. ಈ ಬಗೆಯ ಸಂಘಗಳಲ್ಲಿ ಅತ್ಯಂತ ದೊಡ್ಡದು ಅಮೆರಿಕ ಸಂಯುಕ್ತ ಸಂಸ್ಥಾನದ ಎಫ್‌ಎಫ್‌ಎ. 1928ರಲ್ಲಿ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ಹೆಸರಿನಿಂದ ಹುಟ್ಟಿದ ಈ ಸಂಸ್ಥೆಗೆ ಈಗ 9,000ಕ್ಕೂ ಹೆಚ್ಚು ಶಾಲಾ ಘಟಕಗಳಿವೆ. ಸದಸ್ಯರ ಸಂಖ್ಯೆ ಹತ್ತು ಲಕ್ಷ ದಾಟಿದೆ. ಬೇರೆ ದೇಶಗಳ ಹಲವು ಶಾಲಾ ಕೃಷಿ ಸಂಘಗಳು ಇದನ್ನೇ ಮಾದರಿಯಾಗಿ ಇಟ್ಟುಕೊಂಡವು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅಮೆರಿಕದ ಕಥೆಯೇ.

ಇವುಗಳನ್ನು ರೈತ ಮಕ್ಕಳಿಗೆ ಬೇಸಾಯ ಕಲಿಸುವ ಸಂಘಗಳೆಂದು ಹೇಳುವ ವಾಡಿಕೆಯಿದೆ. ಅದು ಅರ್ಧ ಮಾತ್ರ ಸರಿ. ರೈತನ ಮಗನಿಗೆ ಹೊಲ ಉಳಲು, ಹಸು ಕರೆಯಲು ಮನೆಯಲ್ಲೇ ಗೊತ್ತಾಗಿರುತ್ತದೆ. ಅವನಿಗೆ ಗೊತ್ತಿಲ್ಲದ್ದು ಒಂದು ಹಂದಿ ಸಾಕಿದ್ದರಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ಕಾಗದದ ಮೇಲೆ ತೋರಿಸುವುದು, ತನಗೆ ಒಪ್ಪಿಗೆಯಿಲ್ಲದ ಠರಾವನ್ನು ಜಗಳವಿಲ್ಲದೆ ವಿರೋಧಿಸುವುದು. ಈ ಸಂಘಗಳು ನಿಜವಾಗಿ ಕಲಿಸಿದ್ದು ಅದನ್ನು.

ಮೆಕ್ಕೆಜೋಳದ ಪಂದ್ಯಗಳು

19ನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಕೃಷಿ ವಿಜ್ಞಾನಕ್ಕೆ ಕೊರತೆಯಿರಲಿಲ್ಲ. 1862ರ ಮಾರಿಲ್ ಕಾಯಿದೆಯಿಂದ ಕೃಷಿ ಕಾಲೇಜುಗಳೂ 1887ರ ಹ್ಯಾಚ್ ಕಾಯಿದೆಯಿಂದ ಸಂಶೋಧನ ಕೇಂದ್ರಗಳೂ ಎದ್ದಿದ್ದವು. ಆದರೆ ಪ್ರೊಫೆಸರರ ಕರಪತ್ರ ಓದಿ ಬಿತ್ತನೆ ಬದಲಿಸುವ ರೈತ ಅಪರೂಪ. ತಂದೆ ಕೇಳದಿದ್ದರೆ ಮಗನ ಮೂಲಕ ಹೇಳಿಸೋಣ ಎಂಬ ಉಪಾಯ ಹಲವರಿಗೆ ಬೇರೆಬೇರೆ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊಳೆಯಿತು. ಇಲಿನಾಯ್‌ನ ಮಕೂಪಿನ್ ಕೌಂಟಿಯಲ್ಲಿ ವಿಲ್ ಆಟ್ವೆಲ್ ಎಂಬಾತ 1899ರ ಸುಮಾರಿಗೆ ಹುಡುಗರಿಗೆ ಒಳ್ಳೆಯ ಬೀಜ ಹಂಚಿ ಮೆಕ್ಕೆಜೋಳದ ಪಂದ್ಯ ಏರ್ಪಡಿಸಿದ. ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಶಾಲೆಗಳ ಮೇಲ್ವಿಚಾರಕನಾಗಿದ್ದ ಆಲ್ಬರ್ಟ್ ಗ್ರಹಾಂ 1902ರ ಜನವರಿಯಲ್ಲಿ ಸುಮಾರು 30 ಹುಡುಗ ಹುಡುಗಿಯರನ್ನು ಸ್ಪ್ರಿಂಗ್‌ಫೀಲ್ಡ್ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಸೇರಿಸಿದ. ಲಿಟ್ಮಸ್ ಕಾಗದದಿಂದ ಮಣ್ಣಿನ ಹುಳಿ ನೋಡುವುದು, ಬೀಜದ ಜೋಳ ಆರಿಸುವುದು ಅಲ್ಲಿ ನಡೆಯಿತು. ಅಯೋವ ರಾಜ್ಯದ ಪೇಜ್ ಕೌಂಟಿಯ ಶಿಕ್ಷಕಿ ಜೆಸ್ಸಿ ಫೀಲ್ಡ್ ಇದೇ ಕೆಲಸವನ್ನು ಇನ್ನೂ ವ್ಯವಸ್ಥಿತವಾಗಿ ಮಾಡಿದರು.

ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಬೇರೆಯೇ ಒತ್ತಡವಿತ್ತು. ಹತ್ತಿ ಕಾಯಿಯ ಮೂತಿಹುಳು ಹತ್ತಿಯನ್ನು ತಿನ್ನುತ್ತ ಬರುತ್ತಿತ್ತು, ಒಂದೇ ಬೆಳೆ ನಂಬಿದವರು ಸಾಲದಲ್ಲಿದ್ದರು. ಸೀಮನ್ ನ್ಯಾಪ್ ಎಂಬ ಹಿರಿಯ ಕೃಷಿ ತಜ್ಞ ರೈತನ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿ ತೋರಿಸುವ ಪದ್ಧತಿ ಹಾಕಿಕೊಟ್ಟಿದ್ದರು. ಅದರ ಜೊತೆಗೇ ಹುಡುಗರ ಮೆಕ್ಕೆಜೋಳ ಸಂಘಗಳು ಬೆಳೆದವು. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರ್ರಿ ಮೂರ್ ಎಂಬ ಹುಡುಗ ಒಂದು ಎಕರೆಯಲ್ಲಿ ಇನ್ನೂರ ಇಪ್ಪತ್ತೆಂಟೂ ಮುಕ್ಕಾಲು ಬುಷೆಲ್ ಬೆಳೆದ. ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಲ್. ಆ ಸೀಮೆಯಲ್ಲಿ ಸಾಮಾನ್ಯ ಇಳುವರಿ ಇದರ ಹತ್ತನೇ ಒಂದು ಭಾಗದಷ್ಟಿತ್ತು. ಹುಡುಗನ ಹೊಲ ನೋಡಿದ ದೊಡ್ಡವರು ಸುಮ್ಮನಾದರು. ಅದೇ ವರ್ಷ ಅದೇ ರಾಜ್ಯದ ಏಕನ್ ಕೌಂಟಿಯಲ್ಲಿ ಶಿಕ್ಷಕಿ ಮೇರಿ ಕ್ರೋಮರ್ ಹೆಣ್ಣುಮಕ್ಕಳ ಟೊಮೆಟೊ ಸಂಘ ಆರಂಭಿಸಿದರು. ಒಬ್ಬೊಬ್ಬ ಹುಡುಗಿಗೆ ಎಕರೆಯ ಹತ್ತನೇ ಒಂದು ಭಾಗ, ಅಂದರೆ ನಾಲ್ಕು ಗುಂಟೆ. ಬೆಳೆದ ಹಣ್ಣನ್ನು ಡಬ್ಬಿಗೆ ತುಂಬಿ ಮಾರಿ ಬಂದ ದುಡ್ಡು ಅವಳದೇ. ಹಳ್ಳಿಯ ಹೆಣ್ಣುಮಗಳ ಕೈಗೆ ತನ್ನದೇ ಆದ ಹಣ ಬಂದದ್ದು ಟೊಮೆಟೊಗಿಂತ ದೊಡ್ಡ ಸುದ್ದಿ.

1914ರ ಸ್ಮಿತ್-ಲೀವರ್ ಕಾಯಿದೆ ಕೃಷಿ ವಿಸ್ತರಣಾ ಸೇವೆಗೆ ಸರ್ಕಾರದ ಹಣ ಕೊಟ್ಟಿತು. ಈ ಮಕ್ಕಳ ಸಂಘಗಳು ಆ ಸೇವೆಯ ಆಶ್ರಯಕ್ಕೆ ಹೋಗಿ ಫೋರ್-ಎಚ್ ಎಂಬ ಹೆಸರಿನಲ್ಲಿ ಒಂದಾದವು. ನಾಲ್ಕೆಲೆಯ ಕ್ಲೋವರ್ ಅದರ ಲಾಂಛನ, ಎಲೆಗೊಂದರಂತೆ ತಲೆ, ಹೃದಯ, ಕೈ ಮತ್ತು ಆರೋಗ್ಯ, ಇಂಗ್ಲಿಷಿನಲ್ಲಿ ನಾಲ್ಕೂ ‘ಎಚ್’ ಅಕ್ಷರದವು. ಫೋರ್-ಎಚ್ ಇಂದಿಗೂ ದೊಡ್ಡ ಸಂಘಟನೆಯೇ. ಆದರೆ ಅದು ಶಾಲೆಯ ಗಂಟೆ ಮುಗಿದ ಮೇಲಿನ ಕೆಲಸ. ಕೌಂಟಿಯ ವಿಸ್ತರಣಾಧಿಕಾರಿ ಮತ್ತು ಊರಿನ ಸ್ವಯಂಸೇವಕರು ಅದನ್ನು ನಡೆಸುತ್ತಾರೆ. ಎಫ್‌ಎಫ್‌ಎ ಹಾಗಲ್ಲ. ಕೃಷಿಯನ್ನು ಪಾಠವಾಗಿ ತೆಗೆದುಕೊಂಡ ವಿದ್ಯಾರ್ಥಿ ಮಾತ್ರ ಅದರ ಸದಸ್ಯನಾಗಬಲ್ಲ. ಕೃಷಿ ಮೇಷ್ಟ್ರೇ ಘಟಕದ ಸಲಹೆಗಾರ.

ಶಾಲೆಯೊಳಗೆ ಬಂದದ್ದು

ಕೃಷಿಯನ್ನು ಶಾಲೆಯ ಪಾಠವಾಗಿ ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮ್ಯಾಸಚೂಸೆಟ್ಸ್‌ನ ರೂಫಸ್ ಸ್ಟಿಮ್ಸನ್. ನಾರ್ಥಾಂಪ್ಟನ್‌ನ ಸ್ಮಿತ್ ಕೃಷಿ ಶಾಲೆಯಲ್ಲಿ 1908ರಿಂದ ಅವರು ಹೊಸ ರೀತಿ ಹಿಡಿದರು. ಶಾಲೆಗೊಂದು ದೊಡ್ಡ ಹೊಲ ಕೊಂಡು ಹುಡುಗರನ್ನು ಅದರಲ್ಲಿ ದುಡಿಸುವ ಬದಲು, ಪ್ರತಿ ಹುಡುಗನೂ ತನ್ನ ಮನೆಯ ಜಮೀನಿನಲ್ಲಿ ಒಂದು ಕೆಲಸವನ್ನು ಪೂರಾ ತನ್ನ ಹೊಣೆಯಾಗಿ ತೆಗೆದುಕೊಳ್ಳಬೇಕು, ಶಿಕ್ಷಕ ಅಲ್ಲಿಗೇ ಹೋಗಿ ನೋಡಬೇಕು. ಶಾಲೆಯ ಹೊಲದಲ್ಲಿ ಬೆಳೆ ಕೆಟ್ಟರೆ ಹುಡುಗನಿಗೇನೂ ನಷ್ಟವಿಲ್ಲ, ಮನೆಯ ಹೊಲದಲ್ಲಿ ಕೆಟ್ಟರೆ ಅಪ್ಪ ಕೇಳುತ್ತಾನೆ. ಶಾಲಾ ತೋಟಗಳು ಬಹುಮಟ್ಟಿಗೆ ಎಲ್ಲೆಡೆ ಸೊರಗುವುದೂ ಈ ಗೃಹ ಯೋಜನೆಗಳು ಉಳಿಯುವುದೂ ಇದೇ ಕಾರಣಕ್ಕೆ ಎನ್ನಬಹುದು.

1917ರ ಫೆಬ್ರವರಿ 23ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸಹಿ ಹಾಕಿದ ಸ್ಮಿತ್-ಹ್ಯೂಸ್ ಕಾಯಿದೆ ಈ ಪದ್ಧತಿಯನ್ನು ದೇಶವ್ಯಾಪಿ ಮಾಡಿತು. ಪ್ರೌಢಶಾಲೆಯ ಕೃಷಿ ಶಿಕ್ಷಕರ ಸಂಬಳಕ್ಕೆ ಕೇಂದ್ರ ಸರ್ಕಾರದ ಹಣ, ಅದಕ್ಕೆ ಪ್ರತಿಯಾಗಿ ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೆ ಕನಿಷ್ಠ ಆರು ತಿಂಗಳ ಮೇಲ್ವಿಚಾರಣೆಯ ಹೊಲಗೆಲಸ. ಈ ಒಂದು ಷರತ್ತೇ ಮುಂದಿನದಕ್ಕೆಲ್ಲ ತಳಪಾಯ. ಸಂಘ, ಸಮವಸ್ತ್ರ, ಪದಕಗಳೆಲ್ಲ ಆಮೇಲೆ ಬಂದವು, ಮೊದಲು ಬಂದದ್ದು ಸಂಬಳ ಪಡೆಯುವ ಶಿಕ್ಷಕ.

ವರ್ಜೀನಿಯದಿಂದ ಕ್ಯಾನ್ಸಸ್ ಸಿಟಿಗೆ

1920ರ ದಶಕ ಅಮೆರಿಕದ ರೈತರಿಗೆ ಕೆಟ್ಟ ಕಾಲ. ಮೊದಲ ಮಹಾಯುದ್ಧ ಮುಗಿದೊಡನೆ ಧಾನ್ಯದ ಬೆಲೆ ಕುಸಿದಿತ್ತು. ಹಳ್ಳಿಯ ಹುಡುಗರು ಪಟ್ಟಣದ ಹಾದಿ ಹಿಡಿದಿದ್ದರು. ವರ್ಜೀನಿಯ ರಾಜ್ಯದ ಕೃಷಿ ಶಿಕ್ಷಣದ ಮೇಲ್ವಿಚಾರಕ ವಾಲ್ಟರ್ ನ್ಯೂಮನ್‌ರಿಗೆ ಕಾಡಿದ್ದು ಬೇರೊಂದು ಸಂಗತಿ. ಜಾನುವಾರು ಪರೀಕ್ಷೆಯ ಪಂದ್ಯದಲ್ಲಿ ಗೆಲ್ಲುವ ಹುಡುಗನೇ ಪಟ್ಟಣದವರ ಎದುರು ಬಾಯಿ ಬಿಡಲಾರದೆ ಕುಗ್ಗುತ್ತಿದ್ದ. ಬ್ಲ್ಯಾಕ್ಸ್‌ಬರ್ಗ್‌ನ ವರ್ಜೀನಿಯ ಪಾಲಿಟೆಕ್ನಿಕ್‌ನಲ್ಲಿದ್ದ ಹೆನ್ರಿ ಗ್ರೋಸ್‌ಕ್ಲೋಸ್, ಎಡ್ಮಂಡ್ ಮಗಿಲ್, ಹ್ಯಾರಿ ಸ್ಯಾಂಡರ್ಸ್ ಎಂಬ ಮೂವರ ಜೊತೆ ಸೇರಿ ನ್ಯೂಮನ್ 1925-26ರಲ್ಲಿ ‘ಫ್ಯೂಚರ್ ಫಾರ್ಮರ್ಸ್ ಆಫ್ ವರ್ಜೀನಿಯ’ ಕಟ್ಟಿದರು. ನಿಯಮಾವಳಿ, ಆಚರಣೆಗಳ ಬಹುಪಾಲು ಬರವಣಿಗೆ ಗ್ರೋಸ್‌ಕ್ಲೋಸ್‌ರದು.

1928ರ ನವೆಂಬರಿನಲ್ಲಿ ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಅಮೆರಿಕನ್ ರಾಯಲ್ ಜಾನುವಾರು ಪ್ರದರ್ಶನಕ್ಕೆ ಬಂದಿದ್ದವರಲ್ಲಿ 18 ರಾಜ್ಯಗಳ 33 ಪ್ರತಿನಿಧಿಗಳು ಬಾಲ್ಟಿಮೋರ್ ಹೋಟೆಲಿನಲ್ಲಿ ಸೇರಿ ರಾಷ್ಟ್ರೀಯ ಸಂಘ ಸ್ಥಾಪಿಸಿದರು. ನ್ಯೂ ಜೆರ್ಸಿಯ ಲೆಸ್ಲಿ ಆಪಲ್‌ಗೇಟ್ ಮೊದಲ ಅಧ್ಯಕ್ಷ. ವರ್ಷದ ಚಂದಾ 10 ಸೆಂಟ್. ಮರುವರ್ಷ ನೀಲಿ ಮತ್ತು ಜೋಳದ ಹೊಂಬಣ್ಣ ಸಂಘದ ಬಣ್ಣಗಳಾದವು. 1930ರಲ್ಲಿ ವಿಸ್ಕಾನ್ಸಿನ್‌ನ ಇ. ಎಂ. ಟಿಫನಿ ಬರೆದ ನಂಬಿಕೆಯ ಹೇಳಿಕೆಯನ್ನು ಅಂಗೀಕರಿಸಲಾಯಿತು. ಇದನ್ನು ಬಾಯಿಪಾಠ ಮಾಡಿ ತೀರ್ಪುಗಾರರ ಮುಂದೆ ಒಪ್ಪಿಸಿ, ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುವುದು ಹೊಸ ಸದಸ್ಯರಿಗೆ ಇಂದಿಗೂ ಮೊದಲ ಭಾಷಣ ಸ್ಪರ್ಧೆ. ಸಂಘದ ಹೆಸರು ಕೇಳಿದೊಡನೆ ಅಮೆರಿಕನ್ನರ ಕಣ್ಣಿಗೆ ಕಟ್ಟುವ ನೀಲಿ ಕಾರ್ಡರಾಯ್ ಜಾಕೆಟ್ ಬಂದದ್ದು 1933ರಲ್ಲಿ. ಒಹಾಯೊದ ಫ್ರೆಡೆರಿಕ್‌ಟೌನ್ ಶಾಲೆಯ ವಾದ್ಯವೃಂದ ಅದನ್ನು ಧರಿಸಿ ಸಮ್ಮೇಳನಕ್ಕೆ ಬಂದಿತ್ತು, ಪ್ರತಿನಿಧಿಗಳು ನೋಡಿ ಎಲ್ಲರಿಗೂ ಅದೇ ಇರಲಿ ಎಂದರು. ಬೆನ್ನಿನ ಮೇಲೆ ರಾಜ್ಯದ ಹೆಸರು, ಎದೆಯ ಮೇಲೆ ಹುಡುಗನ ಹೆಸರು. ಬಡವನ ಮಗ ಶ್ರೀಮಂತನ ಮಗ ಇಬ್ಬರಿಗೂ ಒಂದೇ ಜಾಕೆಟ್ ಎಂಬುದು ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಸಣ್ಣ ಮಾತಲ್ಲ, ಅದನ್ನು ಕೊಳ್ಳಲು ದುಡ್ಡಿಲ್ಲದವರಿದ್ದರು ಎಂಬುದೂ ನಿಜ. 1950ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ 740ನೆಯ ಕಾನೂನು ಸಂಘಕ್ಕೆ ಕೇಂದ್ರ ಸನ್ನದು ಕೊಟ್ಟಿತು. ಶಾಲಾ ಹುಡುಗರ ಸಂಘವೊಂದು ದೇಶದ ಶಿಕ್ಷಣ ಇಲಾಖೆಯ ಅಂಗದಂತೆ ನಿಲ್ಲಲು ಇದು ದಾರಿಯಾಯಿತು.

ಸಭೆ

ಎಫ್‌ಎಫ್‌ಎ ಸಭೆ ನಡೆಯುವ ಕೋಣೆಯಲ್ಲಿ ಪ್ರತಿ ಪದಾಧಿಕಾರಿಗೂ ಗೊತ್ತಾದ ಜಾಗವಿದೆ, ಪ್ರತಿ ಜಾಗಕ್ಕೂ ಒಂದು ಚಿಹ್ನೆಯಿದೆ. ಅಧ್ಯಕ್ಷನದು ಉದಯಸೂರ್ಯ, ಉಪಾಧ್ಯಕ್ಷನದು ನೇಗಿಲು, ಕಾರ್ಯದರ್ಶಿಯದು ಮೆಕ್ಕೆಜೋಳದ ತೆನೆ. ಖಜಾಂಚಿ ಕೂರುವುದು ಜಾರ್ಜ್ ವಾಷಿಂಗ್ಟನ್ನರ ಚಿತ್ರದ ಬಳಿ. ವಾಷಿಂಗ್ಟನ್ ತಮ್ಮ ಜಮೀನಿನ ಲೆಕ್ಕವನ್ನು ಕಟ್ಟುನಿಟ್ಟಾಗಿ ಬರೆದಿಡುತ್ತಿದ್ದ ರೈತರೂ ಆಗಿದ್ದರು. ವರದಿಗಾರ ಧ್ವಜದ ಬಳಿ, ಕಾವಲುಗಾರ ಬಾಗಿಲ ಬಳಿ, ಸಲಹೆಗಾರ ಶಿಕ್ಷಕ ಗೂಬೆಯ ಬಳಿ. ಗೂಬೆ ನಮ್ಮಲ್ಲಿ ಅಪಶಕುನ, ಅಲ್ಲಿ ಜ್ಞಾನ. ಸಭೆ ಆರಂಭವಾಗುವಾಗ ಒಬ್ಬೊಬ್ಬರೂ ಎದ್ದು ತಾವು ಆ ಜಾಗದಲ್ಲಿ ಏಕಿದ್ದೇವೆಂದು ಹೇಳುತ್ತಾರೆ. ಅಧ್ಯಕ್ಷ ಮರದ ಸುತ್ತಿಗೆಯನ್ನು ಎರಡು ಸಲ ಬಡಿದರೆ ಸಭೆ ಶುರು, ಮೂರು ಸಲ ಬಡಿದರೆ ಎಲ್ಲರೂ ಏಳಬೇಕು, ಒಂದು ಸಲಕ್ಕೆ ಕೂರಬೇಕು. ಆ ಕಾಲದ ರೈತ ಸಂಘಟನೆಯಾದ ಗ್ರೇಂಜ್‌ನ ಮತ್ತು ಭ್ರಾತೃಸಂಘಗಳ ವಿಧಿಗಳನ್ನು ಇದು ನೆನಪಿಸುತ್ತದೆ. ಹೊರಗಿನವರಿಗೆ ತುಸು ನಾಟಕೀಯ ಎನಿಸೀತು.

ಆದರೆ ವಿಧಿ ಮುಗಿದ ಮೇಲೆ ನಡೆಯುವುದು ನಿಜವಾದ ಸಭೆ. ಹಿಂದಿನ ಸಭೆಯ ನಡಾವಳಿ ಓದಬೇಕು, ಖಜಾಂಚಿ ಲೆಕ್ಕ ಒಪ್ಪಿಸಬೇಕು, ಸಮಿತಿಗಳು ವರದಿ ಕೊಡಬೇಕು. ಹೂಗಿಡ ಮಾರಿ ಬಂದ ಹಣದಲ್ಲಿ ಪ್ರವಾಸಕ್ಕೆ ಹೋಗುವುದೋ ಬೆಸುಗೆ ಯಂತ್ರ ಕೊಳ್ಳುವುದೋ ಎಂಬ ಪ್ರಶ್ನೆ ಬಂದರೆ ಒಬ್ಬ ಠರಾವು ಮಂಡಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಮೂರನೆಯವನು ತಿದ್ದುಪಡಿ ತರಬಹುದು, ನಾಲ್ಕನೆಯವನು ಮುಂದಿನ ಸಭೆಗೆ ಮುಂದೂಡಿ ಎನ್ನಬಹುದು. ಎಲ್ಲಕ್ಕೂ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂಬ ಗ್ರಂಥವೇ ಆಧಾರ. ಸಭಾ ನಿಯಮಗಳದೇ ಒಂದು ರಾಷ್ಟ್ರೀಯ ಸ್ಪರ್ಧೆಯಿದೆ. ತಂಡಕ್ಕೆ ಒಂದು ವಿಷಯ ಕೊಟ್ಟು, ಇಂತಿಂಥ ಬಗೆಯ ಠರಾವುಗಳನ್ನು ಬಳಸಿ ಸಭೆ ನಡೆಸಿ ತೋರಿಸಿ ಎನ್ನುತ್ತಾರೆ. ಹದಿನೈದು ಹದಿನಾರರ ಮಕ್ಕಳು ಕ್ರಿಯಾಲೋಪ ಎತ್ತುವುದನ್ನೂ ತೀರ್ಪಿನ ವಿರುದ್ಧ ಸಭೆಗೇ ಮೇಲ್ಮನವಿ ಸಲ್ಲಿಸುವುದನ್ನೂ ಅಲ್ಲಿ ನೋಡಬಹುದು. ನಮ್ಮ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗೆ ಹೋಗಿಬಂದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಶಾಲೆಯ ಘಟಕ, ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಎಲ್ಲ ಹಂತಗಳಲ್ಲೂ ಚುನಾವಣೆಯೋ ಆಯ್ಕೆಯೋ ನಡೆಯುತ್ತದೆ. ರಾಷ್ಟ್ರೀಯ ಪದಾಧಿಕಾರಿಗಳು ಆರು ಮಂದಿ: ಅಧ್ಯಕ್ಷ, ಕಾರ್ಯದರ್ಶಿ, ನಾಲ್ಕು ವಲಯಗಳ ಉಪಾಧ್ಯಕ್ಷರು. ಆಯ್ಕೆಯಾದವರು ಕಾಲೇಜಿಗೆ ಒಂದು ವರ್ಷ ವಿರಾಮ ಹೇಳಿ ದೇಶ ಸುತ್ತುತ್ತಾರೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಜಾರ್ಜಿಯದ ಪ್ಲೇನ್ಸ್ ಊರಿನ ಶಾಲೆಯಲ್ಲಿ ಎಫ್‌ಎಫ್‌ಎ ಸದಸ್ಯರಾಗಿದ್ದರು.

ಹಂದಿಯ ಲೆಕ್ಕ

ತರಗತಿಯ ಪಾಠ, ಸ್ವಂತ ಉದ್ಯಮ, ಸಂಘ: ಅಮೆರಿಕದ ಶಾಲಾ ಕೃಷಿ ಶಿಕ್ಷಣವನ್ನು ಈ ಮೂರು ವೃತ್ತಗಳಾಗಿ ಬಿಡಿಸಿ ತೋರಿಸುವುದು ರೂಢಿ. ಮೂರರಲ್ಲಿ ನಡುವಿನದೇ ಗಟ್ಟಿ. ವಿದ್ಯಾರ್ಥಿ ಒಂದು ಹಂದಿಮರಿಯನ್ನೋ ಕುರಿಯನ್ನೋ ಹೋರಿಯನ್ನೋ ಕೊಂಡು ಸಾಕುತ್ತಾನೆ, ಇಲ್ಲವೆ ಗುತ್ತಿಗೆ ನೆಲದಲ್ಲಿ ಸೋಯಾ ಬೆಳೆಯುತ್ತಾನೆ. ಪಟ್ಟಣದವನಾದರೆ ನರ್ಸರಿಯಲ್ಲಿ ಸಂಬಳಕ್ಕೆ ದುಡಿಯಬಹುದು, ಹುಲ್ಲುಹಾಸು ಕತ್ತರಿಸುವ ಸಣ್ಣ ವ್ಯಾಪಾರ ನಡೆಸಬಹುದು, ಶಾಲೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಕೈಗೊಳ್ಳಬಹುದು. ಯಾವುದೇ ಆಗಲಿ, ದಾಖಲೆ ಪುಸ್ತಕ ತಪ್ಪುವಂತಿಲ್ಲ. ಮರಿಯ ಬೆಲೆ, ಮೇವಿನ ಖರ್ಚು, ಔಷಧಿ, ತೂಕ ಹೆಚ್ಚಿದ ಲೆಕ್ಕ, ತಾನು ದುಡಿದ ಗಂಟೆಗಳು, ಮಾರಿದ ಬೆಲೆ ಎಲ್ಲ ಅದರಲ್ಲಿರಬೇಕು. ಅಪ್ಪನ ಕಣಜದಿಂದ ತಂದ ಜೋಳಕ್ಕೂ ಬೆಲೆ ಕಟ್ಟಬೇಕು. ರೈತ ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಬರೆಯದ ಖರ್ಚೆಂದರೆ ಮನೆಯವರ ದುಡಿಮೆ ಮತ್ತು ಮನೆಯ ಮೇವು. ಅವೆರಡನ್ನೂ ಬರೆಸುವುದೇ ಈ ಪುಸ್ತಕದ ಪಾಠ.

ಸಂಘದ ಪದವಿಗಳೂ ಈ ಪುಸ್ತಕದ ಮೇಲೆಯೇ ನಿಂತಿವೆ. ಹೊಸಬನಿಗೆ ಗ್ರೀನ್‌ಹ್ಯಾಂಡ್ ಪದವಿ, ಆಮೇಲೆ ಘಟಕದ್ದು, ರಾಜ್ಯದ್ದು, ಕೊನೆಗೆ ಅಮೆರಿಕನ್ ಪದವಿ. ಮೇಲಿನ ಪದವಿಗಳಿಗೆ ಗಳಿಸಿದ ಮತ್ತು ಮರುಹೂಡಿದ ಹಣ, ಸಮಾಜ ಸೇವೆಯ ಗಂಟೆಗಳು, ವಹಿಸಿಕೊಂಡ ಹುದ್ದೆಗಳು ಎಲ್ಲವನ್ನೂ ತೋರಿಸಬೇಕು. ಕೊನೆಯ ಪದವಿಯನ್ನು ತಲುಪುವವರು ಸದಸ್ಯರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಸ್ಪರ್ಧೆಗಳಲ್ಲಿ ಹಳೆಯದು ಜಾನುವಾರು ಪರೀಕ್ಷೆ. ನಾಲ್ಕು ಪ್ರಾಣಿಗಳನ್ನು ನಿಲ್ಲಿಸಿರುತ್ತಾರೆ, ಅವುಗಳನ್ನು ಗುಣದ ಪ್ರಕಾರ ಒಂದರಿಂದ ನಾಲ್ಕರವರೆಗೆ ಸಾಲುಗೂಡಿಸಬೇಕು. ಸಾಲು ಸರಿಯಿದ್ದರೆ ಸಾಲದು. ಆಮೇಲೆ ತೀರ್ಪುಗಾರನ ಎದುರು ನಿಂತು, ಎರಡನೆಯದಕ್ಕಿಂತ ಮೊದಲನೆಯದು ಏಕೆ ಮೇಲು ಎಂದು ಬಾಯಿಮಾತಿನಲ್ಲಿ ಕಾರಣ ಕೊಡಬೇಕು. ಸೊಂಟದ ಅಗಲ, ಕಾಲಿನ ನಿಲುವು, ಮಾಂಸದ ತುಂಬು ಎಲ್ಲವನ್ನೂ ಹೋಲಿಸಿ, ತನ್ನ ಆಯ್ಕೆಯಲ್ಲಿರುವ ದೋಷವನ್ನೂ ಒಪ್ಪಿಕೊಂಡು ಮಾತಾಡಬೇಕು. ಮಣ್ಣು ಪರೀಕ್ಷೆಯ ಸ್ಪರ್ಧೆಯಲ್ಲಿ ಆಳವಾಗಿ ಗುಂಡಿ ತೋಡಿರುತ್ತಾರೆ. ಹುಡುಗರು ಅದರಲ್ಲಿಳಿದು ಮಣ್ಣನ್ನು ಬೆರಳಲ್ಲಿ ಉಜ್ಜಿ ಮರಳೆಷ್ಟು ಜೇಡಿಯೆಷ್ಟು ಎಂದು ಹೇಳಬೇಕು, ಪದರಗಳ ಬಣ್ಣ ನೋಡಿ ನೀರು ಬಸಿಯುವ ಬಗೆ ತಿಳಿಯಬೇಕು. ಹೂ ಜೋಡಣೆ, ಹಾಲಿನ ರುಚಿ ಪರೀಕ್ಷೆ, ಯಂತ್ರ ದುರಸ್ತಿ, ಮಾರಾಟ ಕಲೆ, ಕೃಷಿ ಸುದ್ದಿ ಬರವಣಿಗೆ ಮುಂತಾದ ಇನ್ನೂ ಹಲವು ಸ್ಪರ್ಧೆಗಳುಂಟು.

ವರ್ಷದ ಸಾಕಣೆ ಕೊನೆಗೊಳ್ಳುವುದು ಕೌಂಟಿ ಜಾತ್ರೆಯ ಹರಾಜಿನಲ್ಲಿ. ಊರಿನ ಬ್ಯಾಂಕು, ಅಂಗಡಿ, ಟ್ರ್ಯಾಕ್ಟರ್ ಮಾರುವವರು ಪೇಟೆ ದರಕ್ಕಿಂತ ಹೆಚ್ಚು ಕೊಟ್ಟು ಮಕ್ಕಳ ಪ್ರಾಣಿ ಕೊಳ್ಳುತ್ತಾರೆ. ಆ ಹಣ ಬಹುಮಟ್ಟಿಗೆ ಕಾಲೇಜಿಗೆ ಹೋಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಲೆಕ್ಕದ ಪುಸ್ತಕ ಕಲಿಸಿದ ಪಾಠ ಕಡೆಯ ಪುಟದಲ್ಲಿ ಸುಳ್ಳಾಗುತ್ತದೆ ಎಂಬ ಟೀಕೆಯನ್ನು ತಳ್ಳಿಹಾಕಲಾಗದು. ನಿಜವಾದ ಪೇಟೆಯಲ್ಲಿ ಯಾರೂ ಹಂದಿಗೆ ಪ್ರೀತಿಯ ಬೆಲೆ ಕೊಡುವುದಿಲ್ಲ. ಪ್ರಾಣಿಯನ್ನು ಹೆಸರಿಟ್ಟು ಸಾಕಿ ಕಸಾಯಿಖಾನೆಗೆ ಕಳಿಸುವ ಸಂಕಟ ಇನ್ನೊಂದು. 2022ರಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಜಿಲ್ಲೆಯ ಜಾತ್ರೆಯಲ್ಲಿ ಫೋರ್-ಎಚ್ ಯೋಜನೆಯಡಿ ಮೇಕೆ ಸಾಕಿದ್ದ ಒಂಬತ್ತು ವರ್ಷದ ಹುಡುಗಿ ಅದನ್ನು ಬಿಟ್ಟುಕೊಡಲು ಒಪ್ಪದೆ ಹೋದಳು. ಮನೆಯವರು ಮೇಕೆಯನ್ನು ದೂರ ಸಾಗಿಸಿದರು, ಪೊಲೀಸರು ನೂರಾರು ಮೈಲಿ ಹೋಗಿ ಅದನ್ನು ಹಿಡಿದು ತಂದರು, ಮೇಕೆ ಕಸಾಯಿಖಾನೆ ಸೇರಿತು. ಮನೆಯವರು ಹೂಡಿದ ಮೊಕದ್ದಮೆಯಲ್ಲಿ 2024ರಲ್ಲಿ 3 ಲಕ್ಷ ಡಾಲರ್ ಪರಿಹಾರಕ್ಕೆ ರಾಜಿಯಾಯಿತು.

ಕಪ್ಪು ಜಾಕೆಟ್

ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಶಾಲೆ ಕರಿಯರ ಶಾಲೆ ಬೇರೆಯಾಗಿದ್ದುದರಿಂದ ಸಂಘವೂ ಎರಡಾಯಿತು. 1927ರಲ್ಲಿ ವರ್ಜೀನಿಯದಲ್ಲಿ ಜಿ. ಡಬ್ಲ್ಯು. ಓವೆನ್ಸ್ ಮತ್ತು ಜೆ. ಆರ್. ಥಾಮಸ್ ಕಪ್ಪು ವಿದ್ಯಾರ್ಥಿಗಳಿಗಾಗಿ ‘ನ್ಯೂ ಫಾರ್ಮರ್ಸ್ ಆಫ್ ವರ್ಜೀನಿಯ’ ಕಟ್ಟಿದರು. ಕೇಂದ್ರ ಶಿಕ್ಷಣ ಕಚೇರಿಯ ಎಚ್. ಒ. ಸಾರ್ಜೆಂಟ್ ಬೆಂಬಲಕ್ಕಿದ್ದರು. 1935ರ ಆಗಸ್ಟಿನಲ್ಲಿ ಅಲಬಾಮದ ಟಸ್ಕೀಗಿಯಲ್ಲಿ ಇದು ‘ನ್ಯೂ ಫಾರ್ಮರ್ಸ್ ಆಫ್ ಅಮೆರಿಕ’ (ಎನ್‌ಎಫ್‌ಎ) ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಅದರ ಜಾಕೆಟ್ ಕಪ್ಪು, ಲಾಂಛನದಲ್ಲಿ ಮೆಕ್ಕೆಜೋಳದ ಬದಲು ಹತ್ತಿಯ ಕಾಯಿ. ಪದವಿಗಳ ಹೆಸರೂ ಬೇರೆ. ಸ್ವಂತ ಜಮೀನಿಲ್ಲದ ಗೇಣಿದಾರರ ಮಕ್ಕಳೇ ಹೆಚ್ಚಾಗಿದ್ದ ಈ ಸಂಘದಲ್ಲಿ ಗಾಯನ, ಭಾಷಣ, ಸಂಗೀತ ಸ್ಪರ್ಧೆಗಳಿಗೆ ದೊಡ್ಡ ಸ್ಥಾನವಿತ್ತು.

1964ರ ನಾಗರಿಕ ಹಕ್ಕು ಕಾಯಿದೆಯ ಬಳಿಕ ಎರಡು ಸಂಘಗಳು ಬೇರೆಯಾಗಿ ಉಳಿಯುವಂತಿರಲಿಲ್ಲ. 1965ರಲ್ಲಿ ಸುಮಾರು 50,000 ಸದಸ್ಯರೊಡನೆ ಎನ್‌ಎಫ್‌ಎ ಎಫ್‌ಎಫ್‌ಎಯಲ್ಲಿ ಸೇರಿತು. ಅದನ್ನು ವಿಲೀನವೆಂದು ಕರೆದರೂ ಒಂದು ಕಡೆಯದು ಮಾತ್ರ ಉಳಿಯಿತು. ಕಪ್ಪು ಜಾಕೆಟ್, ಹತ್ತಿಯ ಲಾಂಛನ, ಪದವಿಗಳು, ಹುದ್ದೆಗಳು ಯಾವುದೂ ಹೊಸ ಸಂಘಕ್ಕೆ ಬರಲಿಲ್ಲ. ಕರಿಯರ ಶಾಲೆಗಳು ಮುಚ್ಚಿದಾಗ ಅನೇಕ ಕಪ್ಪು ಕೃಷಿ ಶಿಕ್ಷಕರೂ ಕೆಲಸ ಕಳೆದುಕೊಂಡರು, ಸಲಹೆಗಾರನಿಲ್ಲದೆ ಮಕ್ಕಳು ಸಂಘದಿಂದ ದೂರವಾದರು. ನಾಯಕತ್ವ ಕಲಿಸುವ ಸಂಸ್ಥೆ ಒಂದು ಇಡೀ ಪೀಳಿಗೆಯ ನಾಯಕರನ್ನು ಹೀಗೆ ಕೈಬಿಟ್ಟಿತು. ಕಪ್ಪು ವಿದ್ಯಾರ್ಥಿಯೊಬ್ಬ ರಾಷ್ಟ್ರೀಯ ಅಧ್ಯಕ್ಷನಾದದ್ದು 1994ರಲ್ಲಿ, ಷಿಕಾಗೊ ನಗರದ ಕೋರಿ ಫ್ಲೋರ್ನಾಯ್. 2017ರಲ್ಲಿ ಬ್ರಿಯಾನ ಹೋಲ್ಬರ್ಟ್ ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವಿದ್ಯಾರ್ಥಿನಿ.

ಹೆಣ್ಣುಮಕ್ಕಳು, ನಗರ

ಟೊಮೆಟೊ ಸಂಘದ ಹುಡುಗಿಯರು ಹಾಕಿಕೊಟ್ಟ ದಾರಿಯನ್ನು ಎಫ್‌ಎಫ್‌ಎ ಹಿಡಿಯಲಿಲ್ಲ. ರಾಷ್ಟ್ರೀಯ ಸಂಘದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1969ರಲ್ಲಿ. 1976ರಲ್ಲಿ ವಾಷಿಂಗ್ಟನ್ ರಾಜ್ಯದ ಜೂಲಿ ಸ್ಮೈಲಿ ರಾಷ್ಟ್ರೀಯ ಉಪಾಧ್ಯಕ್ಷೆಯಾದರು, 1982ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಎಬರ್ಲಿ ಅಧ್ಯಕ್ಷೆಯಾದರು. ಇಂದು ಸದಸ್ಯರಲ್ಲಿ ಹೆಣ್ಣುಮಕ್ಕಳು ಅರ್ಧದ ಹತ್ತಿರವಿದ್ದಾರೆ.

ಅಷ್ಟರಲ್ಲಿ ಬೇಸಾಯವೇ ಬದಲಾಗಿತ್ತು. 1935ರಲ್ಲಿ ಅಮೆರಿಕದಲ್ಲಿ 68 ಲಕ್ಷ ಜಮೀನುಗಳಿದ್ದವು, 2022ರ ಗಣತಿಯಲ್ಲಿ ಉಳಿದದ್ದು 19 ಲಕ್ಷ. ರೈತರ ಸರಾಸರಿ ವಯಸ್ಸು 58. 1963ರ ವೃತ್ತಿಶಿಕ್ಷಣ ಕಾಯಿದೆ ಕೃಷಿ ಪಾಠವನ್ನು ಹೊಲದ ಆಚೆಗೆ, ಬೀಜ ವ್ಯಾಪಾರ, ಆಹಾರ ಸಂಸ್ಕರಣೆ, ಅರಣ್ಯದವರೆಗೆ ವಿಸ್ತರಿಸಿತು. 1988ರಲ್ಲಿ ಸಂಘ ‘ಭಾವೀ ರೈತರು’ ಎಂಬ ಹೆಸರನ್ನು ಬಿಟ್ಟು ‘ನ್ಯಾಷನಲ್ ಎಫ್‌ಎಫ್‌ಎ ಆರ್ಗನೈಸೇಷನ್’ ಆಯಿತು. ಅಕ್ಷರಗಳು ಉಳಿದವು. 1985ರಲ್ಲಿ ಆರಂಭವಾದ ಷಿಕಾಗೊ ಕೃಷಿ ವಿಜ್ಞಾನ ಪ್ರೌಢಶಾಲೆ ನಗರದ ಎಲ್ಲೆಯೊಳಗೇ ಹೊಲ ಇಟ್ಟುಕೊಂಡಿದೆ. ಫಿಲಡೆಲ್ಫಿಯದ ಸಾಲ್ ಪ್ರೌಢಶಾಲೆಯೂ ಅಂಥದೇ. ರಾಷ್ಟ್ರೀಯ ಸಮ್ಮೇಳನ 1998ರವರೆಗೆ ಕ್ಯಾನ್ಸಸ್ ಸಿಟಿಯಲ್ಲಿ, ಆಮೇಲೆ ಲೂಯಿವಿಲ್ ಮತ್ತು ಇಂಡಿಯಾನಾಪೊಲಿಸ್ ನಗರಗಳಲ್ಲಿ ನಡೆಯುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಸೇರುವವರು 70,000ಕ್ಕೂ ಹೆಚ್ಚು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಕಂಪನಿಗಳ ಮಳಿಗೆಗಳಿಗೂ ಅಲ್ಲಿ ಕೊರತೆಯಿಲ್ಲ. 1944ರಲ್ಲಿ ಸ್ಥಾಪನೆಯಾದ ಎಫ್‌ಎಫ್‌ಎ ಪ್ರತಿಷ್ಠಾನದ ಹಣ ಇಂಥವರಿಂದಲೇ ಬರುತ್ತದೆ. ದೊಡ್ಡ ಬಂಡವಾಳದ ಬೇಸಾಯವೊಂದೇ ಬೇಸಾಯ ಎಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ ಎಂಬ ದೂರು ಇದರಿಂದಲೇ ಹುಟ್ಟಿದ್ದು.

ಇತರ ದೇಶಗಳಲ್ಲಿ

ಬ್ರಿಟನ್ನಿನ ದಾರಿ ಬೇರೆ. ಡೆವನ್‌ನ ಹೆಮಿಯಾಕ್ ಹಳ್ಳಿಯಲ್ಲಿ 1921ರಲ್ಲಿ ಹಾಲಿನ ಕಂಪನಿಯೊಂದರ ಪ್ರೋತ್ಸಾಹದಿಂದ ಮಕ್ಕಳ ಕರು ಸಾಕಣೆ ಸಂಘ ಹುಟ್ಟಿತು. ಅಲ್ಲಿಂದ ಬೆಳೆದ ಯಂಗ್ ಫಾರ್ಮರ್ಸ್ ಸಂಘಗಳ ಒಕ್ಕೂಟ 1932ರಲ್ಲಿ ಸ್ಥಾಪನೆಯಾಯಿತು. ಇವು ಶಾಲೆಗೆ ಕಟ್ಟುಬಿದ್ದವಲ್ಲ. ಹಳ್ಳಿಯ ತರುಣ ತರುಣಿಯರು ಕೂಡುವ, ಕುಣಿಯುವ, ಮದುವೆ ಗೊತ್ತುಮಾಡಿಕೊಳ್ಳುವ ತಾಣಗಳಾಗಿಯೂ ಪ್ರಸಿದ್ಧ.

ಅಮೆರಿಕದ ಮಾದರಿ ಹೆಚ್ಚು ಗಟ್ಟಿಯಾಗಿ ನೆಲೆಸಿದ್ದು ಜಪಾನಿನಲ್ಲಿ. ಯುದ್ಧಾನಂತರದ ಶಿಕ್ಷಣ ಸುಧಾರಣೆಯಲ್ಲಿ ಹೊಸ ಕೃಷಿ ಪ್ರೌಢಶಾಲೆಗಳು ಬಂದಾಗ ಶಾಲಾ ಕೃಷಿ ಸಂಘಗಳೂ ಬಂದವು, 1950ರಲ್ಲಿ ರಾಷ್ಟ್ರೀಯ ಒಕ್ಕೂಟವಾಯಿತು. ವೈಜ್ಞಾನಿಕತೆ, ಸಾಮಾಜಿಕತೆ, ನಾಯಕತ್ವ ಎಂಬ ಮೂರು ಗುರಿಗಳನ್ನು ಅದು ಇಟ್ಟುಕೊಂಡಿದೆ. ಸಂಶೋಧನ ವರದಿ, ಅಭಿಪ್ರಾಯ ಭಾಷಣ, ಭೂಮಾಪನ, ಕೃಷಿ ವಸ್ತುಗಳ ಗುರುತಿಸುವಿಕೆಯ ಸ್ಪರ್ಧೆಗಳು ವರ್ಷಕ್ಕೊಂದು ಪ್ರಾಂತದಲ್ಲಿ ನಡೆಯುತ್ತವೆ. ದಕ್ಷಿಣ ಕೊರಿಯ, ಥಾಯ್ಲೆಂಡ್, ಫಿಲಿಪ್ಪೀನ್ಸ್‌ಗಳಲ್ಲೂ ಇಂಥ ಭಾವೀ ರೈತರ ಸಂಘಗಳಿವೆ. ಕೀನ್ಯಾ ಫೋರ್-ಎಚ್ ಅನ್ನು ‘ಫೋರ್-ಕೆ’ ಆಗಿ ಮಾರ್ಪಡಿಸಿಕೊಂಡು ಸ್ವಾತಂತ್ರ್ಯದ ಹೊತ್ತಿಗೆ ಶಾಲೆಗಳಲ್ಲಿ ಹರಡಿತ್ತು. ನಡುವೆ ಮಂಕಾಗಿದ್ದ ಆ ಸಂಘಗಳನ್ನು 2021ರಲ್ಲಿ ಸರ್ಕಾರ ಮತ್ತೆ ಆರಂಭಿಸಿತು.

ಭಾರತ, ಕರ್ನಾಟಕ

ಭಾರತದಲ್ಲಿ ಇಂಥ ರಾಷ್ಟ್ರವ್ಯಾಪಿ ಶಾಲಾ ಸಂಘ ಬೆಳೆಯಲಿಲ್ಲ. ವಿಚಾರಕ್ಕೆ ಬರವಿತ್ತೆಂದಲ್ಲ. 1937ರ ವಾರ್ಧಾ ಶಿಕ್ಷಣ ಯೋಜನೆ ಬೇಸಾಯವನ್ನೂ ಕಲಿಕೆಯ ಕೇಂದ್ರದಲ್ಲಿಡಬಹುದಾದ ಕಸುಬಾಗಿ ಕಂಡಿತ್ತು. 1952-53ರ ಮುದಲಿಯಾರ್ ಆಯೋಗದ ಸಲಹೆಯಂತೆ ಬಂದ ವಿವಿಧೋದ್ದೇಶ ಪ್ರೌಢಶಾಲೆಗಳಲ್ಲಿ ಕೃಷಿ ಐಚ್ಛಿಕ ವಿಷಯವಾಗಿತ್ತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವಕ್ಕೆ ಒತ್ತುಕೊಟ್ಟರೂ ಕೆಳ ತರಗತಿಗಳಲ್ಲಿ ಬೇಸಾಯವನ್ನು ವೃತ್ತಿಯಾಗಿ ಕಲಿಸುವ ಪ್ರಯತ್ನಗಳ ಬಗ್ಗೆ ಉತ್ಸಾಹ ತೋರಲಿಲ್ಲ. ಸ್ಮಿತ್-ಹ್ಯೂಸ್ ಕಾಯಿದೆಯಂತೆ ಕೃಷಿ ಶಿಕ್ಷಕರ ಸಂಬಳ ಹೊತ್ತುಕೊಳ್ಳುವ ಕೇಂದ್ರ ಕಾನೂನು ಬರಲಿಲ್ಲ. ಮಗ ಓದಿದರೆ ನೇಗಿಲಿನಿಂದ ತಪ್ಪಿಸಿಕೊಂಡಾನು ಎಂದು ಶಾಲೆಗೆ ಕಳಿಸುವ ತಂದೆತಾಯಿಗೆ ಶಾಲೆಯಲ್ಲೂ ಗುದ್ದಲಿ ಕಂಡರೆ ಸಿಟ್ಟು ಬರುವುದು ಸಹಜ. ಮೈಮುರಿ ದುಡಿಮೆಯನ್ನು ಜಾತಿಗೆ ಅಂಟಿಸಿರುವ ಸಮಾಜದಲ್ಲಿ ಈ ಅನುಮಾನ ಇನ್ನೂ ಆಳ.

ಕರ್ನಾಟಕಕ್ಕೆ ಅಮೆರಿಕದ ಕೃಷಿ ಶಿಕ್ಷಣದ ನಂಟು ಬಂದದ್ದು ಮೇಲಿನ ಮಟ್ಟದಲ್ಲಿ. 1913ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್‌ರ ಕಾಲದಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಡನೆ ಮಾರಿಲ್ ಕಾಯಿದೆಯಿಂದ ಹುಟ್ಟಿದ ಅಮೆರಿಕದ ಭೂದತ್ತಿ ಕಾಲೇಜುಗಳ ಮಾದರಿಯಲ್ಲಿ ರೂಪುಗೊಂಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಬಂದವು. ಶಾಲೆಯ ಸಂಘ ಮಾತ್ರ ಬರಲಿಲ್ಲ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರೊಡನೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರ ಆ ಕೊರತೆಯನ್ನು ತಡವಾಗಿಯಾದರೂ ಕೊಂಚ ತುಂಬುತ್ತದೆ.

ಶಾಲೆಗಳಲ್ಲಿ ಏನೂ ಇಲ್ಲವೆಂದಲ್ಲ. ಇಕೋ ಕ್ಲಬ್‌ಗಳಿವೆ. ಬಿಸಿಯೂಟಕ್ಕೆ ಸೊಪ್ಪು ತರಕಾರಿ ಕೊಡುವ ಕೈತೋಟಗಳಿವೆ. ದಕ್ಷಿಣ ಕನ್ನಡದ ಕೆಲವು ಸರ್ಕಾರಿ ಶಾಲೆಗಳು ತಮ್ಮ ಜಾಗದಲ್ಲಿ ಅಡಿಕೆ ತೋಟ ಮಾಡಿ ಅದರ ಆದಾಯವನ್ನು ಶಾಲೆಯ ಖರ್ಚಿಗೆ ಬಳಸುತ್ತವೆ. ಪ್ರತಿ ವರ್ಷ ಜೂನ್ ಜುಲೈನಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆದು ಮಕ್ಕಳಲ್ಲೇ ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ತೋಟಗಾರಿಕೆ ಮಂತ್ರಿ ಪ್ರಮಾಣವಚನ ಸ್ವೀಕರಿಸುವುದು ಅನೇಕ ಶಾಲೆಗಳಲ್ಲಿ ರೂಢಿ. ಆದರೆ ತೋಟಗಾರಿಕೆ ಮಂತ್ರಿಯ ಕೆಲಸ ಹೆಚ್ಚಾಗಿ ಗಿಡಕ್ಕೆ ನೀರು ಹಾಕಲು ಸರದಿ ಗೊತ್ತುಮಾಡುವುದು. ಅವನ ಕೈಯಲ್ಲಿ ಬಜೆಟ್ ಇಲ್ಲ, ಸದನದ ಮುಂದೆ ಲೆಕ್ಕ ಒಪ್ಪಿಸುವ ದಿನವಿಲ್ಲ. ತೋಟದ ಲೆಕ್ಕ ಮುಖ್ಯೋಪಾಧ್ಯಾಯರದು ಅಥವಾ ಶಾಲಾಭಿವೃದ್ಧಿ ಸಮಿತಿಯದು (ಎಸ್‌ಡಿಎಂಸಿ).

ಇನ್ನೊಂದು ಅಂತರ ಶಿಕ್ಷಕನದು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕೃಷಿ ಶಿಕ್ಷಕರ ನೇಮಕ ಬೇಸಿಗೆ ರಜೆಯನ್ನೂ ಸೇರಿಸಿಕೊಂಡು ಹನ್ನೆರಡು ತಿಂಗಳದು. ರಜೆಯಲ್ಲಿ ಅವರು ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ಕೊಟ್ಟಿಗೆ ನೋಡುತ್ತಾರೆ, ಪುಸ್ತಕ ತಿದ್ದುತ್ತಾರೆ, ಜಾತ್ರೆಗೆ ಕರೆದೊಯ್ಯುತ್ತಾರೆ. ಅಲ್ಲೂ ಇಂಥ ಶಿಕ್ಷಕರಿಗೆ ಈಗ ಕೊರತೆಯಿದೆ, ಶಿಕ್ಷಕ ಬಿಟ್ಟುಹೋದ ಶಾಲೆಯಲ್ಲಿ ಘಟಕ ಉಳಿಯುವುದು ಕಷ್ಟ. ಕರ್ನಾಟಕದ ಶಾಲೆಗಳಲ್ಲಿ ನೆಲವಿದೆ, ಚುನಾವಣೆಯಿದೆ, ಹೊಲ ದನ ಇರುವ ಮನೆಗಳ ಮಕ್ಕಳಿದ್ದಾರೆ. ವರ್ಷವಿಡೀ ಅವರ ಹೊಲಕ್ಕೆ ಹೋಗಿ ಲೆಕ್ಕ ನೋಡುವುದೇ ಕೆಲಸವಾಗಿರುವ ಮೇಷ್ಟ್ರ ಹುದ್ದೆ ಸಾಮಾನ್ಯ ಪ್ರೌಢಶಾಲೆಯಲ್ಲಿಲ್ಲ.